ಗಾಣ ಹಾಕುವ ಮುಂಚೆ ಹಾಕಿದ ಲೆಕ್ಕ

ಮರದ ಗಾಣದ ಎಣ್ಣೆ ವ್ಯಾಪಾರ ಮಾಡೋಣ ಅನ್ನುವುದು ನನ್ನ ತಮ್ಮನ ಐಡಿಯಾ. ಅವನ ವಾದದಲ್ಲಿ ಸುತ್ತುಬಳಸು ಇರಲಿಲ್ಲ. ಜನರಿಗೆ ಆರೋಗ್ಯದ ಚಿಂತೆ ಜಾಸ್ತಿಯಾಗಿದೆ, ರಿಫೈನ್ಡ್ ಎಣ್ಣೆ ಅಂದರೆ ಮುಖ ತಿರುಗಿಸುತ್ತಾರೆ, ಲೀಟರಿಗೆ 320 ರೂಪಾಯಿ ಕೊಟ್ಟಾದರೂ ಗಾಣದ ಕಡಲೆಕಾಯಿ ಎಣ್ಣೆ ಒಯ್ಯುತ್ತಾರೆ. ನಾವು ತುಮಕೂರು ಜಿಲ್ಲೆಯವರು. ಒಂದು ಕಡೆ ಪಾವಗಡ, ಶಿರಾದ ಕಡಲೆಕಾಯಿ. ಇನ್ನೊಂದು ಕಡೆ ತಿಪಟೂರಿನ ಕೊಬ್ಬರಿ. ಇಷ್ಟೆಲ್ಲ ಇಟ್ಟುಕೊಂಡು ಸುಮ್ನೆ ಕೂತರೆ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಅಲ್ವಾ ಅಂತ ಅವನ ಪ್ರಶ್ನೆ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಖರೀದಿ ವಿಭಾಗದಲ್ಲಿದ್ದೇನೆ. ಸಂಜೆ ಕಾಲೇಜಿನಲ್ಲಿ ಎಂಬಿಎ ಮಾಡುವಾಗ ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ ಹೇಳಿದ ಐದು ಶಕ್ತಿಗಳ ಪಾಠ ಓದಿ, ಪರೀಕ್ಷೆ ಬರೆದು, ಬಿಟ್ಟಿದ್ದೆ. ಕಚೇರಿಯಲ್ಲಿ ಆಗಾಗ ಸ್ಲೈಡ್ ಮಾಡಿದ್ದೂ ಇದೆ. ಇನ್ನೊಬ್ಬರ ದುಡ್ಡಿನ ಮೇಲೆ ಸ್ಲೈಡ್ ಮಾಡುವುದೇ ಬೇರೆ, ಅಪ್ಪ ಅಡಕೆ ಮಾರಿ ಇಟ್ಟ ದುಡ್ಡಿನ ಮೇಲೆ ಮಾಡುವುದೇ ಬೇರೆ. ಮಷಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ನೋಟ್‌ಬುಕ್ ತುಂಬಿಸೋಣ ಅಂತ ತಮ್ಮನಿಗೆ ಹೇಳಿದೆ. ಅವನು ಒಲ್ಲದ ಮನಸ್ಸಿನಿಂದ ಒಪ್ಪಿದ.

ಪೋರ್ಟರ್ 1979ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದ ಸಾರ ಇಷ್ಟೇ. ನಿಮ್ಮ ಲಾಭಕ್ಕೆ ಕೈ ಹಾಕುವವನು ಪಕ್ಕದ ಅಂಗಡಿಯವನೊಬ್ಬನೇ ಅಲ್ಲ. ಸರಕು ಕೊಡುವವನು, ಕೊಳ್ಳುವವನು, ನಾಳೆ ಹೊಸದಾಗಿ ಅಂಗಡಿ ತೆರೆಯುವವನು, ನಿಮ್ಮ ಸಾಮಾನಿನ ಬದಲಿಗೆ ಬೇರೊಂದನ್ನು ಮಾರುವವನು, ಇವರೂ ಅದೇ ಲಾಭಕ್ಕೆ ಕೈ ಚಾಚಿರುತ್ತಾರೆ. ಬೇಡಿಕೆ ಬೆಳೆಯುತ್ತಿದೆಯಾ ಅನ್ನುವುದು ಒಂದು ಪ್ರಶ್ನೆ. ಬೆಳೆದ ದುಡ್ಡು ಕೊನೆಗೆ ಯಾರ ಜೇಬಲ್ಲಿ ನಿಲ್ಲುತ್ತದೆ ಅನ್ನುವುದು ಇನ್ನೊಂದು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ನಡೆದಿದ್ದ ಮಾತೆಲ್ಲ ಮೊದಲನೆಯದರ ಬಗ್ಗೆ.

ಆದರೆ ಐದು ಶಕ್ತಿಗಳಿಗೆ ಹೋಗುವ ಮುಂಚೆಯೇ ತಲೆನೋವು ಶುರುವಾಯಿತು. ನಾವು ಇಳಿಯುವ ಮಾರುಕಟ್ಟೆ ಯಾವುದು? ‘ಅಡುಗೆ ಎಣ್ಣೆ’ ಅಂದರೆ ನಮ್ಮ ಎದುರಾಳಿಗಳು ಬಂದರಿನಲ್ಲಿ ಹಡಗುಗಟ್ಟಲೆ ಎಣ್ಣೆ ಇಳಿಸುವ ಕಂಪನಿಗಳು. ‘ಗಾಣದ ಎಣ್ಣೆ’ ಅಂದರೆ ಚಿಕ್ಕದು, ಬೆಳೆಯುತ್ತಿರುವುದು, ಕೇಳಲು ಚೆಂದ. ತಮ್ಮ ಇನ್ನೂ ಚಿಕ್ಕದು ಮಾಡಿ ‘ತುಮಕೂರು ಪೇಟೆಯ ಗಾಣದ ಕಡಲೆಕಾಯಿ ಎಣ್ಣೆ’ ಅಂದ. ಗಡಿಯನ್ನು ಹೀಗೆ ಬೇಕಾದ ಹಾಗೆ ಎಳೆದುಕೊಂಡರೆ ಯಾರು ಬೇಕಾದರೂ ನಂಬರ್ ಒನ್ ಆಗಬಹುದು.

ಗಿರಾಕಿಗಳನ್ನೇ ಕೇಳೋಣ ಅಂತ ಗೊತ್ತಿದ್ದ ಮನೆಗಳಿಗೆ ಹೋದೆ. ‘ಗಾಣದ ಎಣ್ಣೆ ಇಷ್ಟವಾ’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ‘ಕಳೆದ ಸಲ ಗಾಣದ ಎಣ್ಣೆ ಖಾಲಿಯಾದಾಗ ಏನು ತಂದಿರಿ’ ಅಂತ ಕೇಳಿದೆ. ತುಮಕೂರಿನ ಚಿಕ್ಕಮ್ಮನ ಅಡುಗೆಮನೆಯಲ್ಲಿ ಉತ್ತರ ಕಣ್ಣೆದುರಿಗೇ ಇತ್ತು. ಒಲೆಯ ಪಕ್ಕ ಐದು ಲೀಟರಿನ ಸನ್‌ಫ್ಲವರ್ ಕ್ಯಾನು. ಅದರ ಹಿಂದೆ, ಗೋಡೆಗೆ ತಾಗಿ, ಅರ್ಧ ಖಾಲಿಯಾದ ಒಂದು ಲೀಟರಿನ ಗಾಣದ ಎಣ್ಣೆ ಬಾಟಲಿ. ತಳದಲ್ಲಿ ಒಂದು ಬೆರಳು ಗಸಿ. ‘ಕರಿಯೋಕೆಲ್ಲ ಇದನ್ನ ಹಾಕೋಕಾಗುತ್ತಾ? ಒಗ್ಗರಣೆಗೆ, ಚಟ್ನಿಪುಡಿ ಕಲಸೋಕೆ ಮಾತ್ರ’ ಅಂದರು ಚಿಕ್ಕಮ್ಮ. ಖಾಲಿಯಾದರೆ ಒಗ್ಗರಣೆಗೂ ಸನ್‌ಫ್ಲವರೇ. ಯಾರೂ ಅದಕ್ಕಾಗಿ ಊರು ಸುತ್ತುವುದಿಲ್ಲ.

ಬೇರೆ ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಗಾಣದ ಎಣ್ಣೆ ಬೇರೆ ಮಾರುಕಟ್ಟೆ ಅಂತ ನಾವು ಅಂದುಕೊಂಡರೂ ಅದರ ಒಂದು ಬಾಗಿಲು ಸನ್‌ಫ್ಲವರ್ ಕಡೆಗೆ ಸದಾ ತೆರೆದೇ ಇರುತ್ತದೆ. ನಾನು ತಿರುಗಾಡುತ್ತಿದ್ದಾಗ ಸನ್‌ಫ್ಲವರ್ ಲೀಟರಿಗೆ 150 ರೂಪಾಯಿ ಆಸುಪಾಸಿನಲ್ಲಿತ್ತು. ನಮ್ಮದು ಅದರ ಎರಡು ಪಟ್ಟಿಗಿಂತ ಜಾಸ್ತಿ.

ಬದಲಿ ಸರಕು ಏನು ಮಾಡಬಲ್ಲದು ಅನ್ನುವುದನ್ನು ನಮ್ಮ ಕಡೆಯವರಿಗೆ ಪುಸ್ತಕ ನೋಡಿ ಹೇಳಬೇಕಾಗಿಲ್ಲ. ಪಾವಗಡದ ಆಚೆಗೆ ಚಳ್ಳಕೆರೆ ಇದೆ. ಎಣ್ಣೆ ನಗರಿ ಅಂತಲೇ ಹೆಸರು. ಸುತ್ತಲಿನ ಕಡಲೆಕಾಯಿಯೆಲ್ಲ ಅಲ್ಲಿನ ಮಿಲ್ಲುಗಳಿಗೆ ಬರುತ್ತಿತ್ತು. 1994ರಲ್ಲಿ ಪಾಮೊಲಿನ್ ಆಮದನ್ನು ಖಾಸಗಿಯವರಿಗೆ ಮುಕ್ತ ಮಾಡಿದ ಮೇಲೆ ಅಗ್ಗದ ತಾಳೆ ಎಣ್ಣೆ ಹರಿದು ಬಂತು, ಮಿಲ್ಲುಗಳು ಸೊರಗಿದವು. ಚಳ್ಳಕೆರೆಯವರು ಒಬ್ಬರ ಜೊತೆ ಒಬ್ಬರು ಪೈಪೋಟಿ ಮಾಡಿ ಸೋಲಲಿಲ್ಲ. ಕಡಲೆಕಾಯಿಯೇ ಅಲ್ಲದ ಒಂದು ಎಣ್ಣೆ, ಮಲೇಷ್ಯಾ, ಇಂಡೋನೇಷ್ಯಾದಿಂದ ಬಂದು ಸೋಲಿಸಿತು. ಆ ಬೆಲೆಯ ಕೀಲಿ ಈಗಲೂ ದೆಹಲಿಯಲ್ಲೇ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲಿನ ಒಟ್ಟು ಆಮದು ಸುಂಕ 5.5%ನಿಂದ 27.5%ಗೆ ಏರಿತು. 2025ರ ಮೇ ಕೊನೆಯಲ್ಲಿ 16.5%ಗೆ ಇಳಿಯಿತು. ಒಂದು ಅಧಿಸೂಚನೆಗೆ ಚಿಕ್ಕಮ್ಮನ ಒಲೆ ಪಕ್ಕದ ಕ್ಯಾನಿನ ಬೆಲೆ ಅಲುಗಾಡುತ್ತದೆ, ಅದರ ಹಿಂದಿನ ಬಾಟಲಿ ಎಷ್ಟು ಬೇಗ ಖಾಲಿಯಾಗಬೇಕು ಅನ್ನುವುದೂ.

ನೇರ ಪೈಪೋಟಿ ನೋಡಲು ಬಿ.ಎಚ್. ರಸ್ತೆ, ಅಶೋಕನಗರ, ಎಸ್.ಎಸ್. ಪುರಂ ಕಡೆಯೆಲ್ಲ ಸುತ್ತಿದೆವು. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ, ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದು ಕಷ್ಟವಾಯಿತು. ಎಲ್ಲರ ಬೋರ್ಡಿನ ಮೇಲೂ ಗಾಣ ಸುತ್ತುವ ಎತ್ತಿನ ಚಿತ್ರ. ಒಳಗೆ ಕೊಯಮತ್ತೂರು ಕಡೆಯಿಂದ ಬಂದ ಒಂದೇ ಥರದ ಮಷಿನ್, ಮೋಟಾರಿನಲ್ಲಿ ನಿಧಾನಕ್ಕೆ ತಿರುಗುವ ಮರದ ಒರಳು. ಎಲ್ಲರದೂ ‘ಶುದ್ಧ’, ಎಲ್ಲರದೂ ‘ರಾಸಾಯನಿಕ ಮುಕ್ತ’. ಗಿರಾಕಿಗೆ ಇವನ ಎಣ್ಣೆಗೂ ಅವನ ಎಣ್ಣೆಗೂ ವ್ಯತ್ಯಾಸ ಗೊತ್ತಾಗದಿದ್ದರೆ ಮಾತು ಬಂದು ನಿಲ್ಲುವುದು ಬೆಲೆಯ ಮೇಲೆ. ಅದರ ಮೇಲೆ ಬೆಂಗಳೂರಿನ ಆನ್‌ಲೈನ್ ಬ್ರ್ಯಾಂಡ್‌ಗಳು ಮನೆ ಬಾಗಿಲಿಗೇ ತಂದುಕೊಡುತ್ತಿವೆ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ದೊಡ್ಡ ಅಂಗಡಿಗಳಲ್ಲ. ಮನೆಯ ಮುಂಭಾಗದಲ್ಲಿ ಮಷಿನ್ ಇಟ್ಟುಕೊಂಡವರು. ಅವರಿಗೆ ಬಾಡಿಗೆ ಇಲ್ಲ. ಹೆಂಡತಿ, ಮಗ ಕೈ ಹಾಕುತ್ತಾರೆ, ಸಂಬಳದ ಲೆಕ್ಕವಿಲ್ಲ. ತಿಂಗಳಿಗೆ ಹತ್ತು ಸಾವಿರ ಉಳಿದರೂ ಅವರಿಗೆ ಅದು ಲಾಭವೇ. ತನ್ನ ಮನೆಯವರ ದುಡಿಮೆಗೆ ಬೆಲೆ ಕಟ್ಟದ ಎದುರಾಳಿಯ ಜೊತೆ ಬೆಲೆಯಲ್ಲಿ ಹೋರಾಡುವುದಕ್ಕಿಂತ ದೊಡ್ಡ ಕಂಪನಿಯ ಜೊತೆ ಹೋರಾಡುವುದು ವಾಸಿ ಅಂತ ನನ್ನ ಅಭಿಪ್ರಾಯ. ದೊಡ್ಡ ಕಂಪನಿ ಒಂದು ದಿನ ನಷ್ಟ ನೋಡಿ ನಿಲ್ಲಿಸುತ್ತದೆ. ಇವರು ನಿಲ್ಲಿಸುವುದಿಲ್ಲ. ಸರ್ಕಾರದ ನಿಯಮವೂ ಇವರ ಕಡೆಗೇ ಇದೆ. ವರ್ಷಕ್ಕೆ 40 ಲಕ್ಷದ ಒಳಗೆ ವಹಿವಾಟು ಇರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 320 ರೂಪಾಯಿ ಲೆಕ್ಕದಲ್ಲಿ ಅದು ತಿಂಗಳಿಗೆ ಸುಮಾರು ಸಾವಿರ ಲೀಟರ್. ಆ ಗೆರೆ ದಾಟಿ ಬೆಳೆದವನು ಅದೇ ಬೆಲೆಯಲ್ಲಿ 5% ತೆರಿಗೆ ಕಟ್ಟಬೇಕು, ದಾಟದವನು ಕಟ್ಟಬೇಕಾಗಿಲ್ಲ.

ಇಲ್ಲಿಗೆ ಬರುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಮಾತು ಜಾಸ್ತಿಯಾಗಿ ಅಂಕಿ ಕಮ್ಮಿಯಾಗಿತ್ತು. ಒಂದು ಲೀಟರಿನ 320 ರೂಪಾಯಿ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಬರೆದೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 110 ಅಂದರೆ 275 ರೂಪಾಯಿ. ಒಂದೂವರೆ ಕೆಜಿ ಹಿಂಡಿ ಉಳಿಯುತ್ತದೆ, ಹಸು ಸಾಕುವವರು ಕೆಜಿಗೆ 42ರಂತೆ ಕೊಳ್ಳುತ್ತಾರೆ, 63 ವಾಪಸ್. ನಿವ್ವಳ 212. ಬಾಟಲಿ, ಕರೆಂಟು, ಒಬ್ಬ ಹುಡುಗನ ಸಂಬಳ, ಬಾಡಿಗೆ, ಗಸಿಯಲ್ಲಿ ಹೋಗುವ ಎಣ್ಣೆ ಎಲ್ಲ ಸೇರಿ 45. ಒಟ್ಟು 257. ಮಾರಾಟದ 320ರಲ್ಲಿ ತೆರಿಗೆ ಕಳೆದರೆ ಕೈಗೆ 305. ಉಳಿತಾಯ 48 ರೂಪಾಯಿ.

‘ಪರವಾಗಿಲ್ವಲ್ಲ’ ಅಂದ ತಮ್ಮ. ಅದು ನಾವೇ ಗಿರಾಕಿ ಕೈಗೆ ಮಾರಿದರೆ ಮಾತ್ರ. ಸೂಪರ್ ಮಾರ್ಕೆಟ್ ಒಂದರಲ್ಲಿ ವಿಚಾರಿಸಿದ್ದೆವು. 20% ಅವರಿಗೆ, ಮಾರಾಟವಾಗದ್ದು ವಾಪಸ್, ದುಡ್ಡು ಒಂದೂವರೆ ತಿಂಗಳ ಮೇಲೆ. 20% ಅಂದರೆ 64 ರೂಪಾಯಿ. ಪ್ರತಿ ಲೀಟರಿಗೆ ನಾವೇ 16 ರೂಪಾಯಿ ಕೈಯಿಂದ ಹಾಕಬೇಕು. ಅಪಾರ್ಟ್‌ಮೆಂಟ್ ವಾಟ್ಸ್‌ಆಪ್ ಗುಂಪುಗಳೂ ಅಷ್ಟೇ, ಮೂವತ್ತು ಮನೆಯ ಆರ್ಡರ್ ಒಟ್ಟಿಗೆ ಕೊಡುತ್ತೇವೆ, ಎಷ್ಟು ಬಿಡುತ್ತೀರಿ ಅಂತ ಮೊದಲ ಮಾತಿಗೇ ಕೇಳುತ್ತಾರೆ. ಕೊಳ್ಳುವವರ ಬಲ ಅಂದರೆ ಇದೇ.

ಬೀಜ ಕೊಡುವವರ ಕಡೆ ಇನ್ನೂ ಬಿಗಿ. ನಾವು ಕಡಲೆಕಾಯಿ ಬೆಳೆಯುವ ಜಿಲ್ಲೆಯವರು, ಬೀಜ ಅಗ್ಗಕ್ಕೆ ಸಿಗುತ್ತದೆ ಅನ್ನುವುದು ಕೇಳಲು ಸರಿ. ಆದರೆ ರೈತರು ಮಾರುವುದು ಸಿಪ್ಪೆ ಸಮೇತ ಕಾಯಿ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ. ನೂರು ಕೆಜಿ ಕಾಯಿ ಸುಲಿದರೆ ಎಪ್ಪತ್ತು ಕೆಜಿ ಬೀಜ ಅಂತಿಟ್ಟುಕೊಳ್ಳಿ, ಅಲ್ಲಿಗೇ ಕೆಜಿ 104 ಆಯಿತು, ಸುಲಿಯುವ ಕೂಲಿ ಬೇರೆ. ಸುಲಿದ ಬೀಜ ಮಾರುವ ವ್ಯಾಪಾರಿಗೆ ನಮ್ಮಂಥವರು ಲೆಕ್ಕಕ್ಕೇ ಇಲ್ಲ. ಎಪಿಎಂಸಿ ಹತ್ತಿರದ ಒಬ್ಬರ ಮಂಡಿಗೆ ಹೋಗಿ ಹತ್ತು ಮೂಟೆ ಬೇಕು ಅಂದಾಗ ಅವರು ತಲೆ ಎತ್ತಲಿಲ್ಲ. ಎಡಗೈಯಲ್ಲಿ ಒಂದು ಹಿಡಿ ಬೀಜ ತೆಗೆದು, ಅಂಗೈ ಮೇಲೆ ಉಜ್ಜಿ, ಸಿಪ್ಪೆ ಊದಿ, ‘ಇದು ಚಿಕ್ಕಿ ಮಾಡೋರಿಗೆ’ ಅಂತ ಪಕ್ಕಕ್ಕೆ ಸುರಿದರು. ಇನ್ನೊಂದು ಮೂಟೆಯ ಸಣ್ಣ, ಒಡೆದ ಬೀಜ ತೋರಿಸಿ ‘ಇದು ನಿಮಗೆ’ ಅಂದರು. ಒಳ್ಳೆ ದಪ್ಪ ಬೀಜಕ್ಕೆ ಚಿಕ್ಕಿ, ಕಾಂಗ್ರೆಸ್ ಕಡಲೆಬೀಜ, ರಫ್ತಿನವರು ಗಾಣಕ್ಕಿಂತ ಜಾಸ್ತಿ ಕೊಡುತ್ತಾರೆ. ನಮ್ಮ ಪೈಪೋಟಿ ಎಣ್ಣೆಯವರ ಜೊತೆ ಮಾತ್ರ ಅಂದುಕೊಂಡಿದ್ದ ತಮ್ಮ, ಆ ಮಂಡಿಯಿಂದ ಹೊರಗೆ ಬಂದು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬೀಜ ಕೆಜಿಗೆ 10 ರೂಪಾಯಿ ಏರಿದರೆ ಲೀಟರಿನಲ್ಲಿ 25 ರೂಪಾಯಿ ಹೋಯಿತು. 48 ಇದ್ದದ್ದು 23. ಸುಗ್ಗಿಯಲ್ಲೇ ಕೊಂಡು ಇಟ್ಟುಕೊಳ್ಳೋಣ ಅಂದರೆ, ತಿಂಗಳಿಗೆ ಸಾವಿರ ಲೀಟರ್ ತೆಗೆಯಲು ವರ್ಷಕ್ಕೆ 30 ಟನ್ ಬೀಜ ಬೇಕು. ಅದಕ್ಕೆ 33 ಲಕ್ಷ. ತೇವ ತಗುಲಿದರೆ ಬೂಷ್ಟು. ಎಲ್ಲರೂ ಮಷಿನ್ ರೇಟ್ ಕೇಳುತ್ತಾರೆ. ದುಡ್ಡು ನುಂಗುವುದು ಗೋಡೌನ್.

ಹೊಸಬರು ಬರುವುದನ್ನು ತಡೆಯುವ ಬೇಲಿ ಏನಾದರೂ ಇದೆಯಾ ಅಂತ ನೋಡಿದರೆ, ಬಹುತೇಕ ಇಲ್ಲ. ಕಿರು ಆಹಾರ ಉದ್ಯಮಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂತು. ಬ್ಯಾಂಕ್ ಸಾಲದ ಜೊತೆ 35% ಸಹಾಯಧನ, 10 ಲಕ್ಷದವರೆಗೆ. ಕರ್ನಾಟಕ ಸರ್ಕಾರ ತನ್ನದೂ ಸೇರಿಸಿ ಅದನ್ನು 50%, 15 ಲಕ್ಷದವರೆಗೆ ಮಾಡಿತ್ತು. ತಮ್ಮ ಇದನ್ನು ನಮ್ಮ ಬಲದ ಪಟ್ಟಿಯಲ್ಲಿ ಬರೆದಿದ್ದ. ನಾನು ಅದನ್ನು ಎತ್ತಿ ಅಪಾಯದ ಪುಟಕ್ಕೆ ಹಾಕಿದೆ. ನಮಗೆ ಸಿಗುವ ಸಹಾಯಧನ ಪಕ್ಕದ ಬೀದಿಯವನಿಗೂ ಸಿಗುತ್ತದೆ. ನಮ್ಮ ಅಂಗಡಿ ಮುಂದೆ ಜನ ನಿಂತದ್ದು ಕಂಡರೆ ಆರು ತಿಂಗಳಲ್ಲಿ ಅವನದೂ ಶುರು.

ಹೊರಗೆ ಹೋಗುವ ಬಾಗಿಲು ಹೇಗಿದೆ ಅಂತಲೂ ನೋಡಬೇಕು. ಗಾಣ ಮುಚ್ಚಿದ ಒಬ್ಬರು ಸಿಕ್ಕರು. ಕೋವಿಡ್ ಸಮಯದಲ್ಲಿ ತೆರೆದವರು. ಮೊದಲ ವರ್ಷ ಸಾಲು ನಿಂತಿತ್ತಂತೆ. ನಾವು ಹೋದಾಗ ಮಷಿನ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದ್ದರು. ಮಾತಿನ ಮಧ್ಯೆ ಅದನ್ನೇ ಕೊಳ್ಳುತ್ತೀರಾ ಅಂತ ಕೇಳಿದರು. ಅರ್ಧ ಬೆಲೆಗಿಂತ ಕಮ್ಮಿ.

ಇಷ್ಟಾದ ಮೇಲೆ ಮಾರುಕಟ್ಟೆ ಆಕರ್ಷಕವೋ ಅಲ್ಲವೋ ಅಂತ ಒಂದು ಅಂಕ ಕೊಡೋಣ ಅಂತ ಕೂತೆವು. 1970ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ಮೆಕಿನ್ಸಿ ಅನ್ನುವ ಸಲಹಾ ಸಂಸ್ಥೆಯವರು ಮಾಡಿದ ಒಂಬತ್ತು ಮನೆಯ ಪಟ್ಟಿ ಇದೆಯಲ್ಲ, ಒಂದು ಬದಿಗೆ ಮಾರುಕಟ್ಟೆಯ ಆಕರ್ಷಣೆ, ಇನ್ನೊಂದು ಬದಿಗೆ ನಮ್ಮ ಬಲ, ಅದು. ಒಂದೊಂದು ವಿಷಯಕ್ಕೂ ಐದರಲ್ಲಿ ಇಷ್ಟು ಅಂತ ಅಂಕ ಕೊಟ್ಟೆವು, ಅಂಕ ಜಾಸ್ತಿ ಅಂದರೆ ನಮಗೆ ಅನುಕೂಲ ಜಾಸ್ತಿ. ಬೇಡಿಕೆಯ ಬೆಳವಣಿಗೆಗೆ 5. ಲಾಭಕ್ಕೆ 2. ಪೈಪೋಟಿಗೆ 1. ಬೀಜದ ಬೆಲೆಯ ಸ್ಥಿರತೆಗೆ 2. ಅಲ್ಲಿಯವರೆಗೆ ಇಬ್ಬರಿಗೂ ಒಪ್ಪಿಗೆ. ಜಗಳ ಬಂದದ್ದು ತೂಕದ ವಿಷಯಕ್ಕೆ. ತಮ್ಮ ಬೆಳವಣಿಗೆಗೆ 50% ತೂಕ ಕೊಟ್ಟ, ಲಾಭಕ್ಕೆ 20, ಪೈಪೋಟಿಗೆ 10, ಸ್ಥಿರತೆಗೆ 20. ಒಟ್ಟು 3.4 ಬಂತು. ನಾನು ಲಾಭಕ್ಕೆ 40, ಪೈಪೋಟಿಗೆ 30, ಸ್ಥಿರತೆಗೆ 20, ಬೆಳವಣಿಗೆಗೆ 10 ಕೊಟ್ಟೆ. 2.0 ಬಂತು. ಅಂಕ ಅವೇ, ಉತ್ತರ ಬೇರೆ. ಕಚೇರಿಯಲ್ಲಿ ಇಂಥ ಪಟ್ಟಿಗಳು ಹೇಗೆ ತಯಾರಾಗುತ್ತವೆ ಅಂತ ಗೊತ್ತಿದ್ದ ನನಗೆ ನಗು ಬಂತು. ಪಟ್ಟಿ ತೀರ್ಮಾನ ಕೊಡಲಿಲ್ಲ. ಆದರೆ ನಾವಿಬ್ಬರೂ ನಿಜವಾಗಿ ಯಾವುದರ ಬಗ್ಗೆ ಜಗಳ ಆಡುತ್ತಿದ್ದೇವೆ ಅಂತ ತೋರಿಸಿತು. ಅವನು ನೋಡುತ್ತಿದ್ದದ್ದು ಗಿರಾಕಿಗಳ ಸಂಖ್ಯೆ, ನಾನು ನೋಡುತ್ತಿದ್ದದ್ದು ಆ 48 ರೂಪಾಯಿ.

ಅಪ್ಪ ಅಲ್ಲಿಯವರೆಗೆ ಬಾಯಿ ಹಾಕಿರಲಿಲ್ಲ. ‘ಊರಲ್ಲಿ ಗಾಣಕ್ಕೆ ಮೂಟೆ ಹೊತ್ತುಕೊಂಡು ಹೋಗ್ತಾರಲ್ಲ, ಅವರು ಯಾವ ಲೆಕ್ಕದಲ್ಲಿ ಬರ್ತಾರೆ?’ ಅಂದರು.

ಹೌದಲ್ಲ. ನೋಡಿದ ಪ್ರತಿ ಗಾಣದಲ್ಲೂ ಬಾಟಲಿ ಕೊಳ್ಳುವವರ ಪಕ್ಕ ಚೀಲ ಹಿಡಿದು ಕೂತವರಿದ್ದರು. ತಮ್ಮದೇ ಬೀಜ, ತಮ್ಮದೇ ಕೊಬ್ಬರಿ ತಂದು, ಎದುರಿಗೇ ಆಡಿಸಿಕೊಂಡು, ಕ್ಯಾನಿಗೆ ತುಂಬಿಸಿಕೊಂಡು ಹೋಗುವವರು. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ತೋಟ ಇರುವ ಮನೆಯಲ್ಲಿ ಮಂಡಿಗೆ ಹೋಗದ ಒಡಕು ಕೊಬ್ಬರಿ ಇದ್ದೇ ಇರುತ್ತದೆ. ಇದನ್ನು ಬೇರೆ ಮಾರುಕಟ್ಟೆ ಅಂತ ತೆಗೆದುಕೊಂಡು ಐದು ಪ್ರಶ್ನೆಗಳನ್ನು ಮತ್ತೆ ಹಾಕಿದೆವು. ಚಿತ್ರವೇ ಬದಲಾಯಿತು. ಸರಕು ಕೊಡುವವನೇ ಗಿರಾಕಿ, ಬೀಜದ ಬೆಲೆ ಏರಿದರೂ ಇಳಿದರೂ ನಮ್ಮ ತಲೆಗೆ ಬರುವುದಿಲ್ಲ. ಗೋಡೌನಿನ 33 ಲಕ್ಷ ಬೇಡ. ತನ್ನ ತೋಟದ ಕೊಬ್ಬರಿ ಇರುವವನು ಅಂಗಡಿ ಎಣ್ಣೆ ಅಗ್ಗ ಅಂತ ಆ ಕಡೆ ಹೋಗುವುದು ಕಮ್ಮಿ. ಮೂಟೆ ಹೊತ್ತು ಹದಿನೈದು ಕಿಲೋಮೀಟರ್ ಯಾರೂ ಹೋಗುವುದಿಲ್ಲ, ಹಾಗಾಗಿ ತುಮಕೂರಿನ ಗಾಣ ನಮ್ಮೂರಿನ ಗಾಣಕ್ಕೆ ಎದುರಾಳಿಯೇ ಅಲ್ಲ.

ತೊಡಕು ಇಲ್ಲ ಅಂತಲ್ಲ. ಬೆಳೆಯುವ ಜಾಗ ಚಿಕ್ಕದು, ಸುತ್ತಲ ಹಳ್ಳಿಗಳಷ್ಟೇ. ಕೊಬ್ಬರಿ ಬೆಲೆ ಜಾಸ್ತಿಯಾದರೆ ಕೆಲಸವೇ ಬರುವುದಿಲ್ಲ. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ಇದ್ದರೆ ತಿಪಟೂರು ಮಾರುಕಟ್ಟೆಯಲ್ಲಿ 25 ಸಾವಿರವೂ ದಾಟಿತು. ಅಂಥ ದಿನಗಳಲ್ಲಿ ಒಡಕು ಕೊಬ್ಬರಿಯನ್ನೂ ಮಾರಿಬಿಡೋಣ ಅನ್ನಿಸುತ್ತದೆ. ಅದಕ್ಕೇ ಕಡಲೆಬೀಜ, ಹುಚ್ಚೆಳ್ಳು, ಎಳ್ಳು ಎಲ್ಲವನ್ನೂ ಆಡಿಸುವ ಒಂದೇ ಮಷಿನ್ ಸಾಕು ಅಂತ ಒಪ್ಪಿದೆವು. ಬ್ರ್ಯಾಂಡು, ಲೇಬಲ್, ಸೂಪರ್ ಮಾರ್ಕೆಟ್ ಸದ್ಯಕ್ಕಿಲ್ಲ. ಬೆಡ್‌ಶೀಟ್ ಹೊದಿಸಿದ್ದ ಮಷಿನ್ ನೋಡಲು ತಮ್ಮ ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ಬಂದಿದ್ದಾನೆ. ಒರಳು ಗಟ್ಟಿ ಇದೆ, ಒನಕೆ ಬದಲಾಯಿಸಬೇಕಂತೆ.

ಈಗ ಉಳಿದಿರುವುದು ಹಿಂಡಿಯ ವಿಷಯ. ‘ಹಿಂಡಿ ಬಿಟ್ಟು ಹೋದರೆ ಕೂಲಿ ಬೇಡ’ ಅಂತ ಬೋರ್ಡ್ ಹಾಕಿದರೆ ಜನ ಮುಗಿಬೀಳುತ್ತಾರೆ ಅನ್ನುತ್ತಾನೆ ತಮ್ಮ. ಹತ್ತು ಕೆಜಿ ಕಡಲೆಬೀಜ ಆಡಿಸಿದರೆ ಆರು ಕೆಜಿ ಹಿಂಡಿ, 250 ರೂಪಾಯಿ. ಕೆಜಿಗೆ 20ರಂತೆ ಕೂಲಿ 200 ಆಗುತ್ತಿತ್ತು, ಅಲ್ಲಿಗೆ ಸರಿ. ಹತ್ತು ಕೆಜಿ ಕೊಬ್ಬರಿಯಲ್ಲಿ ನಾಲ್ಕು ಕೆಜಿ ಹಿಂಡಿಯೂ ಬರುವುದಿಲ್ಲ, 130 ರೂಪಾಯಿ ದಾಟಲ್ಲ. ಕಡಲೆಬೀಜಕ್ಕೆ ಒಂದು ದರ, ಕೊಬ್ಬರಿಗೆ ಒಂದು ದರ ಇಡೋಣ ಅಂದರೆ ಅವನಿಗೆ ಒಪ್ಪಿಗೆಯಿಲ್ಲ. ಅಪ್ಪನ ಪ್ರಕಾರ ಹಸು ಇರುವವರು ಹಿಂಡಿ ಬಿಟ್ಟು ಹೋಗುವುದೇ ಇಲ್ಲ, ಹಸು ಇಲ್ಲದವರಿಗೆ ಮಾತ್ರ ಆ ಬೋರ್ಡು. ನಮ್ಮೂರಿನ ಸುತ್ತ ಹಸು ಇಲ್ಲದ ಮನೆ ಎಷ್ಟಿವೆ ಅಂತ ಹಾಲಿನ ಡೈರಿಯಲ್ಲಿ ವಿಚಾರಿಸಿಕೊಂಡು ಬರಲು ಅವನಿಗೇ ಹೇಳಿದ್ದೇನೆ.